ದುಡ್ಡಿಗೆ ಬರವಿಲ್ಲದ ಹಿರಿಯ ರಾಕ್ ಗಾಯಕರು ರಾತ್ರಿ ಟಾಕ್ ಶೋಗಳಿಗೆ ಯಾಕೆ ಬರ್ತಾರೆ?

ಓದುಗರ ಪ್ರಶ್ನೆ: ಯೂಟ್ಯೂಬ್‌ನಲ್ಲಿ ಅಮೆರಿಕದ ರಾತ್ರಿ ಟಾಕ್ ಶೋಗಳ ತುಣುಕು ನೋಡ್ತಿರ್ತೀನಿ. ಎಪ್ಪತ್ತು, ಎಂಬತ್ತು ದಾಟಿದ ರಾಕ್ ಗಾಯಕರು ಬಂದು ಕೂರ್ತಾರೆ, ಹಳೇ ಕತೆ ಹೇಳ್ತಾರೆ, ಮೊಮ್ಮಗನ ವಯಸ್ಸಿನ ನಿರೂಪಕ ಹೇಳಿದ ಹಾಗೆಲ್ಲ ಕುಣೀತಾರೆ. ಇವರಿಗೆ ದುಡ್ಡಿಗೂ ಕೊರತೆಯಿಲ್ಲ, ಹೆಸರಿಗೂ ಇಲ್ಲ. ಆದರೂ ಯಾಕೆ ಬರ್ತಾರೆ? ಇವರಿಗೆ ಎಷ್ಟು ಕೊಡ್ತಾರೆ?

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ, ಅದು ಚಿಕ್ಕದು. ಕೊಡುವುದು ತೀರಾ ಕಮ್ಮಿ. ಅಮೆರಿಕದಲ್ಲಿ ಟೀವಿ ಕಲಾವಿದರಿಗೆ ಸ್ಯಾಗ್-ಆಫ್ಟ್ರಾ ಅಂತ ಒಂದು ಸಂಘ ಇದೆ, ವಾದ್ಯ ನುಡಿಸುವವರಿಗೆ ಇನ್ನೊಂದು. ಸಾಮಾನ್ಯವಾಗಿ ಅತಿಥಿಗೆ ಸಿಗುವುದು ಆ ಸಂಘ ಗೊತ್ತುಮಾಡಿದ ಕನಿಷ್ಠ ಸಂಭಾವನೆ. ಮೊದಲ ಆಲ್ಬಮ್ ತಂದ ಹುಡುಗನಿಗೂ ಅದೇ, ಅರವತ್ತು ವರ್ಷದಿಂದ ಹಾಡುತ್ತಿರುವವರಿಗೂ ಅದೇ. ವಾದ್ಯ ಸಾಗಿಸೋದು, ಹೆಚ್ಚಿನ ವಾದ್ಯದವರನ್ನು ಕರೆಸೋದು ಅಂತ ಎಷ್ಟೋ ಸಲ ರೆಕಾರ್ಡ್ ಕಂಪನಿಯೇ ಕೈಯಿಂದ ಹಾಕುತ್ತದೆ. 2021ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಹಾಡುಗಳ ಹಕ್ಕನ್ನು ಸೋನಿ ಕಂಪನಿಗೆ ಮಾರಿದಾಗ ಸುಮಾರು 50 ಕೋಟಿ ಡಾಲರ್ ಅಂತ ವರದಿಯಾಗಿತ್ತು. ಅಂಥವರು ಕನಿಷ್ಠ ಕೂಲಿಗೋಸ್ಕರ ಮುಖಕ್ಕೆ ಪೌಡರ್ ಹಚ್ಚಿಸಿಕೊಂಡು ಕೂರುವುದಿಲ್ಲ, ಅಲ್ವಾ?

ಹಾಗಾದರೆ ಸರಕು ಮಾರೋಕೆ ಬರುತ್ತಾರಾ? ಹೌದು, ಮುಕ್ಕಾಲು ಪಾಲು ಅದಕ್ಕೇ. ಹೊಸ ಆಲ್ಬಮ್, ಊರೂರು ಸುತ್ತುವ ಕಛೇರಿ, ಆತ್ಮಕತೆ, ಸಾಕ್ಷ್ಯಚಿತ್ರ, ಏನೋ ಒಂದು ಮಾರಾಟಕ್ಕೆ ಬಂದಿರುತ್ತದೆ. ಸ್ಪ್ರಿಂಗ್‌ಸ್ಟೀನ್ ಅವರದ್ದೇ ನೋಡಿ. 2010ರ ನವೆಂಬರ್ 16ರಂದು ಜಿಮ್ಮಿ ಫ್ಯಾಲನ್ ಶೋಗೆ ಬಂದರು. ಆಗ ಅವರಿಗೆ 61. ಫ್ಯಾಲನ್ ಇನ್ನೊಬ್ಬ ಹಿರಿಯ ರಾಕ್ ಗಾಯಕ ನೀಲ್ ಯಂಗ್ ಅವರ ದನಿ ಅನುಕರಿಸುತ್ತಾ ಗಿಟಾರ್ ಹಿಡಿದು ಕೂತಿದ್ದಾರೆ. ಪಕ್ಕದಿಂದ ಸ್ಪ್ರಿಂಗ್‌ಸ್ಟೀನ್ ನಡೆದು ಬರುತ್ತಾರೆ. ಅಂಟಿಸಿದ ಗಡ್ಡ, ಜೋಲು ಟೋಪಿ, ಕಪ್ಪು ಕನ್ನಡಕ. ಎಪ್ಪತ್ತರ ದಶಕದ ತಮ್ಮದೇ ವೇಷವನ್ನು ತಾವೇ ಹಾಕಿಕೊಂಡಿದ್ದರು! ಇಬ್ಬರೂ ಸೇರಿ ಹಾಡಿದ್ದು ಆಗಿನ್ನೂ ಹತ್ತು ವರ್ಷದ ಹುಡುಗಿಯಾಗಿದ್ದ ವಿಲೋ ಸ್ಮಿತ್‌ಳ ಹೊಚ್ಚ ಹೊಸ ಹಾಡು. ಜನ ಬಿದ್ದು ಬಿದ್ದು ನಕ್ಕರು. ಎಪ್ಪತ್ತರ ದಶಕದಲ್ಲಿ ಅವರು ಧ್ವನಿಮುದ್ರಿಸಿ ಎತ್ತಿಟ್ಟಿದ್ದ ಹಾಡುಗಳ ಆಲ್ಬಮ್ ಬಿಡುಗಡೆಯಾಗಿದ್ದೂ ಅದೇ ದಿನ. ಗಡ್ಡ ಸುಮ್ನೆ ಬಂದಿರಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ದೊಡ್ಡದು. 2018ರ ಜೂನ್‌ನಲ್ಲಿ ಬೀಟಲ್ಸ್ ಬ್ಯಾಂಡಿನಲ್ಲಿದ್ದ ಪಾಲ್ ಮೆಕಾರ್ಟ್ನಿ, ರಾತ್ರಿ ಶೋ ನಿರೂಪಕ ಜೇಮ್ಸ್ ಕಾರ್ಡನ್ ಜೊತೆ ಕಾರಲ್ಲಿ ಕೂತು ತಮ್ಮ ಊರು ಲಿವರ್‌ಪೂಲ್ ಸುತ್ತಿದರು. ತುಣುಕು ಪ್ರಸಾರವಾದ ವಾರವೇ ಅವರಿಗೆ 76 ತುಂಬಿತ್ತು. ಫೋರ್ಥ್‌ಲಿನ್ ರಸ್ತೆಯ 20ನೇ ನಂಬರಿನ ಮನೆ, ಅವರು ಬೆಳೆದ ಪುಟ್ಟ ಮನೆ, ಅಲ್ಲಿಗೆ ಹೋಗುತ್ತಾರೆ. ಒಳಗಿನ ಪಿಯಾನೋ ನುಡಿಸುತ್ತಾರೆ. ಅಷ್ಟರಲ್ಲಿ ಹೊರಗೆ ಬೀದಿ ತುಂಬ ಜನ. ಆಮೇಲೆ ಊರಿನ ಒಂದು ಪಬ್ಬು. ಅಲ್ಲಿ ಕೂತವರಿಗೆ ಏನೂ ಗೊತ್ತಿಲ್ಲ. ಜೂಕ್‌ಬಾಕ್ಸ್‌ನಲ್ಲಿ ಒಬ್ಬರು ಹಾಡು ಆರಿಸುತ್ತಾರೆ, ಪರದೆ ಸರಿಯುತ್ತದೆ, ಹಿಂದೆ ಮೆಕಾರ್ಟ್ನಿ ತಮ್ಮ ಬ್ಯಾಂಡ್ ಸಮೇತ ನಿಂತಿದ್ದಾರೆ. ಬಿಯರ್ ಗ್ಲಾಸ್ ಹಿಡಿದವರ ಮುಖ ನೋಡಬೇಕು ಆಗ. ಇದೆಲ್ಲ ಆಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 7ಕ್ಕೆ, ಅವರ 'ಈಜಿಪ್ಟ್ ಸ್ಟೇಷನ್' ಆಲ್ಬಮ್ ಬಂತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಮೊದಲ ಸ್ಥಾನ. ಅವರ ಆಲ್ಬಮ್ ಅಲ್ಲಿ ಮೊದಲ ಸ್ಥಾನಕ್ಕೆ ಹೋಗಿ 36 ವರ್ಷ ಆಗಿತ್ತು. ಕಾರಿನ ಸುತ್ತಾಟ ಒಂದರಿಂದಲೇ ಇದಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅದು ಸುಮ್ನೆ ಹೋಗಿಲ್ಲ ಅನ್ನೋದಂತೂ ಗ್ಯಾರಂಟಿ.

ಹೊಸಬರಿಗೆ ಟೀವಿ ಬೇಡ, ಫೋನೇ ಸಾಕು. ಹಿರಿಯರ ಕೇಳುಗರು ಬೇರೆ. ಸೀಡಿ, ಎಲ್ಪಿ ಕೊಳ್ಳುವವರು, ದುಬಾರಿ ಟಿಕೆಟ್ ತೆಗೆದುಕೊಳ್ಳುವವರು, ರಾತ್ರಿ ಮಲಗುವ ಮುಂಚೆ ಟೀವಿ ಹಾಕುವವರು, ಎಲ್ಲ ಬಹುಪಾಲು ಒಂದೇ ತಲೆಮಾರಿನವರು. ಬೆಂಗಳೂರಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. 2003ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡನ್ನು ನೋಡಿದವರು ಇವತ್ತಿಗೂ ಯಾವ ಮದುವೆ ಊಟದಲ್ಲಿ ಸಿಕ್ಕರೂ ಆ ಕತೆ ಹೇಳದೆ ಬಿಡುವುದಿಲ್ಲ. ನಮ್ಮ ಚಿಕ್ಕಪ್ಪ ಅವರಲ್ಲೊಬ್ಬರು.

ಇನ್ನೊಂದು ಕಾರಣ ಗಂಟಲು. ಎಂಬತ್ತರ ಹತ್ತಿರ ಬಂದವರಿಗೆ ಎರಡೂವರೆ ಗಂಟೆಯ ಕಛೇರಿ ಸುಲಭ ಅಲ್ಲ. ಇಲ್ಲಿ ಒಂದೇ ಹಾಡು, ನಾಲ್ಕು ನಿಮಿಷ. ಶ್ರುತಿ ಒಂದು ಮನೆ ಇಳಿಸಿಕೊಂಡರೆ ಯಾರೂ ಕೇಳುವುದಿಲ್ಲ. ಅದೂ ಅಲ್ಲದೆ ಹೆಸರಷ್ಟೇ 'ರಾತ್ರಿ ಶೋ'. ಪ್ರಸಾರ ರಾತ್ರಿ 11:35ಕ್ಕೆ, ನ್ಯೂಯಾರ್ಕಿನಲ್ಲಿ ಚಿತ್ರೀಕರಣ ಸಾಮಾನ್ಯವಾಗಿ ಸಂಜೆ ಐದರ ಸುಮಾರಿಗೆ. ಮಧ್ಯಾಹ್ನ ಬಂದು ಮೈಕು ಪರೀಕ್ಷೆ ಮಾಡಿ, ಹಾಡಿ, ಊಟದ ಹೊತ್ತಿಗೆ ಮನೆ ಸೇರಬಹುದು.

ಮಾತಿನ ಭಾಗವೂ ಮೊದಲೇ ಹದ ಮಾಡಿದ್ದೇ. ಒಂದೆರಡು ದಿನ ಮುಂಚೆ ಶೋ ಕಡೆಯ ಒಬ್ಬರು ಅತಿಥಿಗೆ ಫೋನ್ ಮಾಡಿ ಕತೆಗಳನ್ನು ಕೇಳಿಕೊಳ್ಳುತ್ತಾರೆ. ಯಾವುದು ನಗಿಸುತ್ತದೆ, ಯಾವುದು ಉದ್ದ ಆಯಿತು ಅಂತ ನೋಡಿ ಎರಡು ಮೂರು ಆರಿಸಿ ನಿರೂಪಕನ ಕೈಗೆ ಚೀಟಿ ಕೊಡುತ್ತಾರೆ. 'ಅಯ್ಯೋ, ಈಗ ನೆನಪಾಯಿತು ನೋಡಿ' ಅಂತ ಅಜ್ಜ ಶುರುಮಾಡುವ ಕತೆ ಮೇಜಿನ ಮೇಲೆ ಆಗಲೇ ಬರೆದಿಟ್ಟಿರುತ್ತದೆ. ನಮ್ಮ 'ವೀಕೆಂಡ್ ವಿತ್ ರಮೇಶ್' ನೋಡಿ ರೂಢಿಯಾದವರಿಗೆ ಇದು ಚುಟುಕು ಅನ್ನಿಸುತ್ತದೆ. ಅಲ್ಲಿ ಮೇಷ್ಟ್ರು, ಬಾಲ್ಯದ ಗೆಳೆಯರನ್ನೆಲ್ಲ ಕರೆಸಿ ಇಡೀ ಬದುಕನ್ನೇ ಬಿಚ್ಚುತ್ತಾರೆ. ಇಲ್ಲಿ ಎಂಟು ಹತ್ತು ನಿಮಿಷ, ಅದರಲ್ಲೂ ನಡುವೆ ಜಾಹೀರಾತು.

ವ್ಯಾಪಾರದ ಕತೆ ಇಷ್ಟು. ಆದರೆ ನೀವು ಆ ತುಣುಕುಗಳನ್ನು ಮತ್ತೆ ಮತ್ತೆ ನೋಡುವುದು ವ್ಯಾಪಾರಕ್ಕೆ ಅಲ್ಲವಲ್ಲ. ನನಗನ್ನಿಸುವುದು ಹೀಗೆ. ಎದುರಿಗೆ ಕೂತ ನಿರೂಪಕ ಆ ಹಾಡು ಕೇಳಿಕೊಂಡೇ ಬೆಳೆದವನಾಗಿದ್ದರೆ ಮಾತ್ರ ಈ ಅಂಗಡಿಯಲ್ಲಿ ಬೇರೇನೋ ಆಗುತ್ತದೆ. ಲಿವರ್‌ಪೂಲಿನ ಕಾರಿನಲ್ಲಿ ಕಾರ್ಡನ್ ಹಾಡುತ್ತಾ ಹಾಡುತ್ತಾ ಅತ್ತುಬಿಡುತ್ತಾರೆ. ಈ ಹಾಡನ್ನು ತಮಗೆ ಮೊದಲು ಕೇಳಿಸಿದ್ದು ಅಜ್ಜ ಮತ್ತು ಅಪ್ಪ ಅಂತ ಹೇಳುತ್ತಾರೆ. ಅಜ್ಜ ಈಗ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಅಂದಾಗ ಮೆಕಾರ್ಟ್ನಿ, 'ಇದ್ದಾರೆ' ಅನ್ನುತ್ತಾರೆ. ಆ ಮಾತನ್ನು ಚೀಟಿಯಲ್ಲಿ ಬರೆದುಕೊಡಲು ಆಗುವುದಿಲ್ಲ.

ಕೆಲವೊಮ್ಮೆ ಜಾಗವೇ ಅರ್ಧ ಕೆಲಸ ಮಾಡುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಎಡ್ ಸಲಿವನ್ ಥಿಯೇಟರ್ ಇದೆ. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಟೀವಿಯಲ್ಲಿ ಮೊದಲ ಸಲ ನೇರಪ್ರಸಾರದಲ್ಲಿ ಹಾಡಿದ್ದು ಅಲ್ಲೇ. ಸುಮಾರು 7.3 ಕೋಟಿ ಜನ ನೋಡಿದರು. 1993ರಲ್ಲಿ ಡೇವಿಡ್ ಲೆಟರ್‌ಮನ್ ತಮ್ಮ ರಾತ್ರಿ ಶೋ ಅಲ್ಲಿ ಶುರುಮಾಡಿದರು. 2009ರ ಜುಲೈನಲ್ಲಿ, ಅಂದರೆ 45 ವರ್ಷ ಆದ ಮೇಲೆ, 67ರ ಮೆಕಾರ್ಟ್ನಿ ಅದೇ ಕಟ್ಟಡಕ್ಕೆ ಬಂದರು. ಒಳಗೆ ಕೂತು ಮಾತಾಡಿದರು. ಹಾಡಿದ್ದು ಮಾತ್ರ ಹೊರಗೆ, ಬಾಗಿಲ ಮೇಲೆ ಬೀದಿಗೆ ಚಾಚಿಕೊಂಡಿರುವ ಚಾವಣಿಯ ಮೇಲೆ ನಿಂತು! ಕೆಳಗೆ ಬ್ರಾಡ್‌ವೇ ತುಂಬ ಜನ ಕತ್ತೆತ್ತಿ ನಿಂತಿದ್ದರು.

ಎಲ್ಲರೂ ಮಾತಾಡಲು ಬರುತ್ತಾರೆ ಅಂತಲ್ಲ. ಬಾಬ್ ಡಿಲನ್ 1984ರಲ್ಲಿ ಲೆಟರ್‌ಮನ್ ಅವರ ಇದಕ್ಕೂ ಹಿಂದಿನ ಶೋಗೆ ಬಂದು ಮೂರು ಹಾಡು ಹಾಡಿದರು. ಮೂರನೆಯ ಹಾಡಿನ ನಡುವೆ ಒಂದು ಎಡವಟ್ಟು. ತೆಗೆದುಕೊಂಡ ಮೌತ್ ಆರ್ಗನ್‌ನ ಶ್ರುತಿಯೇ ಬೇರೆ. ಸರಿಯಾದದ್ದನ್ನು ಅವರು ಹುಡುಕುತ್ತಿದ್ದಾರೆ, ಪಾಪ ಹಿಂದಿನ ಹುಡುಗರು ಒಂದೇ ಸಾಲನ್ನು ಸುತ್ತಿ ಸುತ್ತಿ ಬಾರಿಸುತ್ತಿದ್ದಾರೆ. ಅದಾಗಿ 31 ವರ್ಷ ಕಳೆದು, 2015ರ ಮೇ 19ರಂದು, ಲೆಟರ್‌ಮನ್ ನಿವೃತ್ತಿಗೆ ಒಂದೇ ದಿನ ಉಳಿದಿದ್ದಾಗ ಡಿಲನ್ ಮತ್ತೆ ಬಂದರು. ಐದು ದಿನ ಕಳೆದರೆ 74. ಸೋಫಾ ಮೇಲೆ ಕೂರಲಿಲ್ಲ. ಒಂದು ಹಳೆಯ ನಿಧಾನದ ಹಾಡು ಹಾಡಿದರು, ಲೆಟರ್‌ಮನ್ ಹತ್ತಿರ ಬಂದಾಗ ಕೈ ಕುಲುಕಿದರು, ಅಷ್ಟೇ. ಎರಡೂ ತುಣುಕನ್ನು ಒಂದರ ಹಿಂದೆ ಒಂದು ನೋಡಿ. ಒಂದೇ ಜೋಡಿ, ಇಬ್ಬರ ಕೂದಲೂ ಬೇರೆ.

ಈಗ ಶೋಗಳಿಗೇ ವಯಸ್ಸಾಗುತ್ತಿದೆ. ಕಾರ್ಡನ್ 2023ರಲ್ಲಿ ನಿಲ್ಲಿಸಿದರು. ಲೆಟರ್‌ಮನ್ ಜಾಗಕ್ಕೆ ಬಂದ ಸ್ಟೀಫನ್ ಕೋಲ್ಬೇರ್ ಅವರ ಶೋವನ್ನು 2026ರ ಮೇಗೆ ಮುಗಿಸುವುದಾಗಿ ಸಿಬಿಎಸ್ ವಾಹಿನಿ 2025ರ ಜುಲೈನಲ್ಲೇ ಹೇಳಿತು. ಲೆಕ್ಕಾಚಾರವೂ ತಿರುಗಿದೆ. 2023ರ ಸೆಪ್ಟೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ 18 ವರ್ಷದ ಮೇಲೆ ತಮ್ಮದೇ ಹೊಸ ಹಾಡುಗಳ ಆಲ್ಬಮ್ ಘೋಷಿಸಿದಾಗ ಅವರು ಫ್ಯಾಲನ್ ಶೋಗೆ ಹೋಗಲಿಲ್ಲ. ಫ್ಯಾಲನ್ ಅವರೇ ಲಂಡನ್ನಿನ ಹ್ಯಾಕ್ನಿಗೆ ಹೋಗಿ ಅಲ್ಲಿನ ರಂಗಮಂದಿರದಲ್ಲಿ ಮಾತಾಡಿಸಿದರು, ಪ್ರಸಾರ ಯೂಟ್ಯೂಬ್‌ನಲ್ಲಿ. ಬ್ಯಾಂಡಿನ ಗಾಯಕ ಮಿಕ್ ಜಾಗರ್‌ಗೆ ಆಗ 80. ಇಷ್ಟು ವರ್ಷ ಯಾಕೆ ಬೇಕಾಯಿತು ಅಂತ ಕೇಳಿದರೆ, ಸ್ವಲ್ಪ ಸೋಮಾರಿಗಳಾಗಿದ್ದೆವೇನೋ ಅಂದರು. ನಮಗೆ ಒಂದು ಅನುಕೂಲ ಇದೆ: ನ್ಯೂಯಾರ್ಕಿನ ರಾತ್ರಿ 11:35 ಅಂದರೆ ಇಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 9:05, ಚಳಿಗಾಲದಲ್ಲಿ 10:05. ರಾತ್ರಿ ಶೋ ನಮಗೆ ತಿಂಡಿ ಹೊತ್ತಿನ ಶೋ.

ಇವುಗಳಲ್ಲಿ ಒಂದನ್ನೇ ನೋಡುವುದಾದರೆ ಯಾವುದು ಅಂತ ಕೇಳಿದರೆ ನಾನು ರಾಕ್ ಗಾಯಕ ವಾರನ್ ಜೆವಾನ್ ಹೆಸರು ಹೇಳುತ್ತೇನೆ. ಮೆಕಾರ್ಟ್ನಿ, ಡಿಲನ್ ಅಷ್ಟು ದೊಡ್ಡ ಹೆಸರಲ್ಲ. ವಯಸ್ಸೂ ಆಗ 55 ಅಷ್ಟೇ, ನೀವು ಕೇಳಿದ ಮುದುಕರ ಪಟ್ಟಿಗೆ ಸೇರುವುದಿಲ್ಲ. ಆದರೆ ಲೆಟರ್‌ಮನ್‌ಗೆ ಜೆವಾನ್ ಅಂದರೆ ಪ್ರಾಣ. ವರ್ಷಗಟ್ಟಲೆ ಕರೆಸುತ್ತಿದ್ದರು. ಬ್ಯಾಂಡಿನ ಮುಖ್ಯಸ್ಥ ಪಾಲ್ ಶಾಫರ್ ರಜೆಯಲ್ಲಿದ್ದಾಗ ಜೆವಾನ್ ಬಂದು ಬ್ಯಾಂಡ್ ನಡೆಸಿಕೊಟ್ಟದ್ದೂ ಉಂಟು. 2002ರಲ್ಲಿ ಅವರಿಗೆ ಮೆಸೊಥೀಲಿಯೋಮಾ ಇರುವುದು ಗೊತ್ತಾಯಿತು. ಕಲ್ನಾರಿನ ಧೂಳಿನ ಜೊತೆ ನಂಟಿರುವ ಕ್ಯಾನ್ಸರ್ ಅದು. ಇನ್ನು ಕೆಲವೇ ತಿಂಗಳು ಅಂದರು ವೈದ್ಯರು. ಜೆವಾನ್ ಕೊನೆಯ ಆಲ್ಬಮ್ ಮಾಡಲು ಕೂತರು.

ಅಕ್ಟೋಬರ್ 30ರ ಶೋಗೆ ಲೆಟರ್‌ಮನ್ ಬೇರೆ ಅತಿಥಿಯನ್ನೇ ಕರೆಯಲಿಲ್ಲ. ಇಡೀ ಗಂಟೆ ಒಬ್ಬರಿಗೇ. ಇಪ್ಪತ್ತು ವರ್ಷ ಡಾಕ್ಟರ್ ಹತ್ತಿರ ಹೋಗದೆ ಇದ್ದದ್ದು ತಮ್ಮ ತಂತ್ರದಲ್ಲಿ ಆದ ಸಣ್ಣ ತಪ್ಪು ಅಂತ ಜೆವಾನ್ ಶುರುಮಾಡಿದರು. ಜನ ನಗಬೇಕೋ ಬೇಡವೋ ಅಂತ ಒಂದು ಕ್ಷಣ ತಡವರಿಸಿ ಆಮೇಲೆ ನಕ್ಕರು. ಬದುಕು, ಸಾವಿನ ಬಗ್ಗೆ ನಮಗೆ ಗೊತ್ತಿಲ್ಲದ್ದು ನಿಮಗೇನಾದರೂ ಈಗ ತಿಳಿದಿದೆಯಾ ಅಂತ ಲೆಟರ್‌ಮನ್ ಕೇಳಿದರು. ಬೇರೆಯವರಾಗಿದ್ದರೆ ದೇವರು, ಆತ್ಮ ಅಂತ ಹಿಡಿದುಕೊಳ್ಳುತ್ತಿದ್ದರು. ಜೆವಾನ್ ಹೇಳಿದ್ದು, ಪ್ರತಿಯೊಂದು ಸ್ಯಾಂಡ್‌ವಿಚ್ಚನ್ನೂ ಎಷ್ಟು ಸವಿದು ತಿನ್ನಬೇಕು ಅನ್ನೋದು ತಿಳಿಯಿತು ಅಂತ. ಆಮೇಲೆ ಮೂರು ಹಾಡು ಹಾಡಿದರು. ಮುಖ ಸೊರಗಿತ್ತು. ಕೊನೆಯಲ್ಲಿ ಲೆಟರ್‌ಮನ್ ಎದ್ದು ಬಂದು ಕೈ ಹಿಡಿದು, ಸ್ಯಾಂಡ್‌ವಿಚ್ಚಿನ ಆ ಮಾತನ್ನೇ ತಿರುಗಿ ಅವರಿಗೆ ಹೇಳಿದರು.

ಆಲ್ಬಮ್ 2003ರ ಆಗಸ್ಟ್ 26ಕ್ಕೆ ಬಂತು. ಸೆಪ್ಟೆಂಬರ್ 7ಕ್ಕೆ ಜೆವಾನ್ ಹೋದರು. ಮುಂದಿನ ವರ್ಷ ಅದಕ್ಕೆ ಎರಡು ಗ್ರ್ಯಾಮಿ ಬಂತು.

ಆ ರಾತ್ರಿ ಕ್ಯಾಮೆರಾ ಆಫ್ ಆದ ಮೇಲೆ ಜೆವಾನ್ ತಮ್ಮ ಗಿಟಾರನ್ನು ಲೆಟರ್‌ಮನ್ ಕೈಗೆ ಕೊಟ್ಟು, ಜೋಪಾನವಾಗಿ ನೋಡಿಕೊಳ್ಳಿ ಅಂದಿದ್ದರಂತೆ. 2025ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಜೆವಾನ್ ಹೆಸರನ್ನು ಸೇರಿಸಿದಾಗ ವೇದಿಕೆಗೆ ಬಂದು ಮಾತಾಡಿದವರು ಲೆಟರ್‌ಮನ್. ಬಿಳಿ ಗಡ್ಡ, ವಯಸ್ಸು 78. ಆ ಗಿಟಾರನ್ನೂ ತಂದಿದ್ದರು. ಇಷ್ಟು ವರ್ಷ ಜೋಪಾನ ಮಾಡಿದ್ದಾಯಿತು, ಇವತ್ತು ಇದು ಮತ್ತೆ ಕೆಲಸಕ್ಕೆ ಹೋಗುತ್ತದೆ ಅಂತ ಹೇಳಿ, ಜೆವಾನ್ ಹಾಡು ಹಾಡಲು ನಿಂತಿದ್ದ ಕಿಲ್ಲರ್ಸ್ ಬ್ಯಾಂಡಿನವರಿಗೆ ಅದನ್ನು ಕೊಟ್ಟರು.