ಈವಿಲ್ ಹುಟ್ಟಿದ್ದು ಡೆವಿಲ್‌ನಿಂದ ಅಲ್ಲ

‘ಮಗುವಿಗೆ ರಾಜನ ದುಷ್ಟತನ ತಗುಲಿತ್ತು.’ ಅನುವಾದ ತಿದ್ದುವುದು ನನ್ನ ಕೆಲಸ. ಒಂದು ಜೀವನಚರಿತ್ರೆಯ ಕರಡಿನಲ್ಲಿ ಈ ಸಾಲು ಸಿಕ್ಕಿತು. ಮೂಲದಲ್ಲಿ ಇದ್ದದ್ದು ‘ಕಿಂಗ್ಸ್ ಈವಿಲ್’. ಅದು ಗಂಡಮಾಲೆ, ಕುತ್ತಿಗೆಯಲ್ಲಿ ಗಂಟು ಏಳುವ ಕಾಯಿಲೆ. ರಾಜ ಮುಟ್ಟಿದರೆ ವಾಸಿಯಾಗುತ್ತದೆ ಎಂದು ಇಂಗ್ಲೆಂಡಿನ ಜನ ನಂಬಿದ್ದರು, ಅದಕ್ಕೇ ಆ ಹೆಸರು. ಆ ಮಗು ಸ್ಯಾಮ್ಯುಯೆಲ್ ಜಾನ್ಸನ್. 1712ರಲ್ಲಿ ರಾಣಿ ಆನ್ ಮುಟ್ಟಿದರೂ ಕಾಯಿಲೆ ಹೋಗಲಿಲ್ಲ, ಕಲೆಗಳು ಉಳಿದೇ ಉಳಿದವು. 1755ರಲ್ಲಿ ಇಂಗ್ಲಿಷಿನ ದೊಡ್ಡ ನಿಘಂಟು ತಂದವರು ಇವರೇ.

ಅನುವಾದಕಿ ಜಾಣೆ. ‘ಯಾಕಮ್ಮಾ ಹೀಗೆ ಬರೆದೆ?’ ಎಂದರೆ, ‘ಡೆವಿಲ್‌ನಲ್ಲಿ ಡಿ ತೆಗೆದರೆ ಈವಿಲ್ ಉಳಿಯುತ್ತೆ ಅಲ್ವಾ ಸರ್? ಸೈತಾನನ ಗುಣ ಅಂದುಕೊಂಡೆ’ ಎಂದಳು.

ಈ ಮಾತನ್ನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ದಯವಿಟ್ಟು ಗಮನಿಸಿ, ಇವೆರಡಕ್ಕೂ ಯಾವ ನಂಟೂ ಇಲ್ಲ. ಡೆವಿಲ್ ಗ್ರೀಕ್‌ನ ‘ಡಿಯಾಬೊಲೊಸ್’ನಿಂದ ಬಂತು. ಚಾಡಿಕೋರ, ಸುಳ್ಳು ಆಪಾದನೆ ಹೊರಿಸುವವನು ಎಂದು ಅರ್ಥ. ಕ್ರೈಸ್ತ ಧರ್ಮದ ಜೊತೆ ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಇಳಿಯಿತು. ಈವಿಲ್ ಹಾಗಲ್ಲ, ಅದು ಇಂಗ್ಲಿಷ್, ಜರ್ಮನ್ ಎರಡೂ ಸೇರಿದ ಜರ್ಮಾನಿಕ್ ಭಾಷೆಗಳ ಮನೆಯದೇ ಪದ. ಜರ್ಮನ್ನಿನ ‘ಯೂಬೆಲ್’ ಅದರ ಒಡಹುಟ್ಟು. ಇವತ್ತಿಗೂ ಹೊಟ್ಟೆ ತೊಳೆಸಿದರೆ ಜರ್ಮನ್ನರು ಹೇಳುವುದು ಅದೇ ಪದವನ್ನು. ಅಲ್ಲಿ ಯಾವ ಸೈತಾನನಿದ್ದಾನೆ? ಕಾಗುಣಿತ ಹೋಲುತ್ತದೆ, ಅಷ್ಟೇ. ಡೆವಿಲ್‌ಗೂ ನಮ್ಮ ‘ದೇವ’ಕ್ಕೂ ಗಂಟು ಹಾಕುವವರೂ ಇದ್ದಾರೆ. ಅದೂ ತಪ್ಪು. ದೇವನ ನೆಂಟ ‘ಡಿವೈನ್’.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ಈವಿಲ್ ಅಂದರೆ ಸುಮ್ನೆ ‘ಕೆಟ್ಟದ್ದು’. ಕಾಯಿಲೆ, ಕಷ್ಟ, ನೋವು, ಅಪರಾಧ ಎಲ್ಲವೂ ಅದರಲ್ಲಿ ಸೇರಿತ್ತು. ‘ಬ್ಯಾಡ್’ ಬಳಕೆಗೆ ಬಂದು ದಿನನಿತ್ಯದ ಕೆಟ್ಟದ್ದನ್ನೆಲ್ಲ ವಹಿಸಿಕೊಂಡ ಮೇಲೆ, ಈವಿಲ್‌ಗೆ ಉಳಿದದ್ದು ಜಾಸ್ತಿ ಮನುಷ್ಯನ ದುಷ್ಟತನವೇ. ಅದಕ್ಕೂ ಹಿಂದಿನ ಬೇರಿನ ಅರ್ಥ ‘ಮಿತಿ ಮೀರಿದ್ದು’ ಎಂದಿರಬಹುದು ಎನ್ನುತ್ತಾರೆ. ಅದು ಊಹೆ, ಪಾಠದಂತೆ ಹೇಳಬೇಡಿ.

1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ನಾಳೆಯ ಚಿಂತೆ ಬಿಡಿ, ಅಂದಂದಿನ ಈವಿಲ್ ಅಂದಂದಿಗೆ ಸಾಕು ಎಂಬ ಮಾತಿದೆ. ಅಲ್ಲಿ ‘ಪಾಪ’ ಎಂದು ಬರೆದರೆ, ದಣಿದವರಿಗೆ ಹೇಳಿದ ಸಮಾಧಾನ ಗದರಿಕೆಯಾಗಿಬಿಡುತ್ತದೆ. ಅದು ‘ಪಾಡು’.

ಗಂಡಮಾಲೆಯನ್ನು ಅವಳೇ ಬರೆದಳು. ಮುಂದಿನ ಪುಟದಲ್ಲಿ ‘ನೆಸೆಸರಿ ಈವಿಲ್’ ಇತ್ತು. ಪೆನ್ಸಿಲ್ ಹಿಡಿದು ತುಂಬಾ ಹೊತ್ತು ಕೂತಳು. ಆಮೇಲೆ ‘ಬೇಡವಾದರೂ ಬಿಡಲಾಗದ್ದು’ ಎಂದು ಬರೆದಳು.