ಸಿಯಾಟಲ್ ನಗರಕೇಂದ್ರದ ಉಚಿತ ಬಸ್: ನಿಂತಿದ್ದೇಕೆ, ನಿಂತ ಮೇಲೆ ಆದದ್ದೇನು?

ಅಮೆರಿಕದ ಸಿಯಾಟಲ್ ನಗರಕೇಂದ್ರದಲ್ಲಿ 1973ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಉಚಿತ ಬಸ್ ಪ್ರಯಾಣ 2012ರ ಸೆಪ್ಟೆಂಬರ್ 29ರಿಂದ ಇಲ್ಲವಾಯಿತು. ನಡುವಿನ ದಶಕಗಳಲ್ಲಿ ಉಚಿತದ ವೇಳೆ ಕಡಿತಗೊಂಡು ಹಗಲಿಗೆ ಸೀಮಿತವಾದದ್ದನ್ನು ಬಿಟ್ಟರೆ ವ್ಯವಸ್ಥೆಯ ತಿರುಳು ಬದಲಾಗಿರಲಿಲ್ಲ.

ಆ ತಿರುಳನ್ನು ತಿಳಿಯದೆ ಮುಂದಿನದು ಅರ್ಥವಾಗದು. ಕೇಂದ್ರದತ್ತ ಬರುವವರು ಹತ್ತುವಾಗಲೂ ಅಲ್ಲಿಂದ ಹೊರಡುವವರು ಇಳಿಯುವಾಗಲೂ ದರ ಕೊಡುತ್ತಿದ್ದರು. ಹೀಗಾಗಿ ಅತಿ ಹೆಚ್ಚು ಜನ ಹತ್ತಿಳಿಯುವ ಜಾಗದಲ್ಲಿ ಹಣದ ವ್ಯವಹಾರವೇ ಇರದೆ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆಯುತ್ತಿದ್ದವು. ಉಚಿತ ವಲಯ ಬಡವರಿಗೆ ನೆರವಾದಷ್ಟೇ ಬಸ್ಸಿನ ಸಮಯವನ್ನೂ ಉಳಿಸುತ್ತಿತ್ತು ಎಂಬುದು ಚರ್ಚೆಯಲ್ಲಿ ಪಡೆಯಬೇಕಾದ ತೂಕವನ್ನು ಪಡೆಯಲಿಲ್ಲ.

ಆರ್ಥಿಕ ಹಿಂಜರಿತದಿಂದ ಮಾರಾಟ ತೆರಿಗೆಯ ವರಮಾನ ಕುಸಿದಾಗ, ಅದನ್ನೇ ನೆಚ್ಚಿಕೊಂಡಿದ್ದ ಸಾರಿಗೆ ಸಂಸ್ಥೆ ಮಾರ್ಗಗಳನ್ನು ಕಡಿತಗೊಳಿಸಬೇಕಾದ ಸ್ಥಿತಿ ಬಂತು. 2011ರಲ್ಲಿ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಮಂಡಳಿ ವಾಹನಗಳ ಮೇಲೆ ವರ್ಷಕ್ಕೆ 20 ಡಾಲರ್‌ಗಳ ತಾತ್ಕಾಲಿಕ ಶುಲ್ಕ ವಿಧಿಸಿತು. ಅದಕ್ಕೆ ಬೇಕಾದ ಬಹುಮತ ಕೂಡಿಸಿದ ಒಪ್ಪಂದದಲ್ಲಿ ಉಚಿತ ವಲಯ ಕೈಬಿಟ್ಟುಹೋಯಿತು. ಲೆಕ್ಕದ ಪುಸ್ತಕದಲ್ಲಿ ಕಾಣುವುದು ಕೈತಪ್ಪಿದ ದರ ಮಾತ್ರ, ಉಳಿತಾಯವಾದ ನಿಮಿಷಗಳಲ್ಲ.

ದರ ವಸೂಲಿ ಶುರುವಾದೊಡನೆ, ಸಂಜೆಯ ದಟ್ಟಣೆಯಲ್ಲಿ ಮುಂಬಾಗಿಲಿನ ಮುಂದೆ ಸಾಲುಗಳು ಬೆಳೆದವು. ಬಸ್ಸು ಮತ್ತು ರೈಲು ಒಂದೇ ಹಾದಿಯಲ್ಲಿ ಓಡುತ್ತಿದ್ದ ನೆಲದಡಿಯ ಸುರಂಗದಲ್ಲಿ ಒಂದು ಬಸ್ಸು ತಡೆದರೆ ಹಿಂದಿನವೆಲ್ಲ ತಡೆಯಬೇಕಿತ್ತು. ಲಾಭವೂ ಇತ್ತೆಂಬುದನ್ನು ಮರೆಯಬಾರದು: ಹತ್ತುವಾಗಲೇ ದರ ಕೊಡುವ ಒಂದೇ ನಿಯಮದಿಂದ ಗೊಂದಲ ತಗ್ಗಿತು, ಹೊರವಲಯದ ನಿಲ್ದಾಣಗಳಲ್ಲಿ ಇಳಿಯುವವರೆಲ್ಲ ಹಣ ಕೊಡಲು ಮುಂಬಾಗಿಲಿಗೆ ನುಗ್ಗಬೇಕಾದ ಪಾಡೂ ತಪ್ಪಿತು.

ಆದರೆ ಆಶ್ರಯತಾಣ, ಚಿಕಿತ್ಸಾಲಯ, ಊಟದ ಕೇಂದ್ರಗಳ ನಡುವೆ ದಿನವೂ ಓಡಾಡುವ ಬಡವರಿಗೆ ಈ ಸರಳತೆಯಿಂದ ಏನೂ ದಕ್ಕಲಿಲ್ಲ. ಉಚಿತ ವಲಯಕ್ಕಾಗಿ ನಗರಾಡಳಿತ ವರ್ಷಕ್ಕೆ ಕೊಡುತ್ತಿದ್ದ ಸುಮಾರು 4 ಲಕ್ಷ ಡಾಲರ್ ಮೊತ್ತವನ್ನು ಅವರಿಗಾಗಿ ಸಣ್ಣ ಉಚಿತ ಬಸ್ಸುಗಳನ್ನು ಓಡಿಸಲು ಬಳಸಲಾಯಿತಾದರೂ, ಎಲ್ಲ ಬಸ್ಸುಗಳೂ ತೆರೆದಿದ್ದ ಬೀದಿಗೆ ಅದು ಸಾಟಿಯಾಗಲಿಲ್ಲ. ಕಡಿಮೆ ಆದಾಯದವರ ರಿಯಾಯಿತಿ ಕಾರ್ಡ್ ಬಂದದ್ದು 2015ರ ಮಾರ್ಚ್‌ನಲ್ಲಿ. ದರ ಮೊದಲು ಬಂದು ರಿಯಾಯಿತಿ ಎರಡೂವರೆ ವರ್ಷ ತಡವಾದದ್ದು ಸಣ್ಣ ಲೋಪವಲ್ಲ.

2019ರಲ್ಲಿ ಬಸ್ಸುಗಳು ಸುರಂಗದಿಂದ ಹೊರಬಂದಾಗ ನಗರಕೇಂದ್ರದ ಥರ್ಡ್ ಅವೆನ್ಯೂ ಬೀದಿಯ ನಿಲ್ದಾಣಗಳಲ್ಲಿ ದರ ಪಾವತಿಯ ಕಾರ್ಡ್ ಯಂತ್ರಗಳನ್ನಿಟ್ಟು ಎಲ್ಲ ಬಾಗಿಲುಗಳನ್ನು ಮತ್ತೆ ತೆರೆಯಲಾಯಿತು. ನಾಣ್ಯ, ನೋಟು ಹಿಡಿದು ಬರುವವರು ಮಾತ್ರ ಮುಂಬಾಗಿಲಿನಿಂದಲೇ ಹತ್ತಬೇಕಾಯಿತು.