256 ಎಂಬಿ ರ‍್ಯಾಮ್ ಹಾಕಿದರೆ 128 ಅಂತ ಯಾಕೆ ತೋರಿಸುತ್ತದೆ?

ಪ್ರಶ್ನೆ: ನನ್ನ ಹಳೆಯ ಪೆಂಟಿಯಂ 3 ಕಂಪ್ಯೂಟರಿಗೆ ಸೆಕೆಂಡ್ ಹ್ಯಾಂಡ್ 256 ಎಂಬಿ ರ‍್ಯಾಮ್ ತರಿಸಿದೆ. ಆನ್ ಮಾಡಿದರೆ 128 ಎಂಬಿ ಅಂತಲೇ ಬರುತ್ತಿದೆ. ಮಾರಿದವರು ಮೋಸ ಮಾಡಿದರಾ?

ಉತ್ತರ: ಮೋಸ ಆಗಿರಲಿಕ್ಕಿಲ್ಲ. ರ‍್ಯಾಮ್ ಕೆಟ್ಟಿದೆ ಅಂತಲೂ ಈಗಲೇ ಅಂದುಕೊಳ್ಳಬೇಡಿ. ಅದನ್ನು ಹೊರಗೆ ತೆಗೆದು, ಮೇಲಿರುವ ಕಪ್ಪು ಚಿಪ್‌ಗಳನ್ನು ಎಣಿಸಿ. ಒಂದು ಬದಿಯಲ್ಲಿ 8 ಚಿಪ್ ಇದ್ದು ಹಿಂಬದಿ ಖಾಲಿ ಇದೆಯಾ? ಹಾಗಿದ್ದರೆ ಕಾರಣ ಬಹುತೇಕ ಸಿಕ್ಕಿತು.

8 ಚಿಪ್ ಸೇರಿ 256 ಎಂಬಿ ಅಂದರೆ ಒಂದೊಂದರಲ್ಲೂ 32 ಎಂಬಿ, ಅಂದರೆ 256 ಮೆಗಾಬಿಟ್ (ಒಂದು ಬೈಟ್‌ಗೆ 8 ಬಿಟ್). ಪೆಂಟಿಯಂ 2 ಮತ್ತು 3ರ ಬಹಳಷ್ಟು ಬೋರ್ಡ್‌ಗಳಲ್ಲಿರುವುದು ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್, ಅಂದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಕೆಲಸ ನಡೆಸುವ ಚಿಪ್‌ಗಳು. ಅದು ಬಂದದ್ದು 1998ರಲ್ಲಿ. 128 ಮೆಗಾಬಿಟ್‌ಗಿಂತ ದೊಡ್ಡ ಚಿಪ್ ಅದಕ್ಕೆ ಗೊತ್ತಿಲ್ಲ. ಚಿಪ್ ಒಳಗೆ ಮೆಮೊರಿ ಅಡ್ಡಸಾಲು, ಉದ್ದಸಾಲುಗಳಲ್ಲಿ ಇರುತ್ತದೆ. ದೊಡ್ಡ ಚಿಪ್‌ನಲ್ಲಿ ಅಡ್ಡಸಾಲುಗಳು ಎರಡು ಪಟ್ಟು. ಅಷ್ಟನ್ನೂ ಕರೆಯಲು ಇನ್ನೊಂದು ವಿಳಾಸದ ತಂತಿ ಬೇಕು, 440ಬಿಎಕ್ಸ್‌ನಲ್ಲಿ ಅದಿಲ್ಲ. ಅರ್ಧ ಕಾಣದೇ ಹೋಗುವುದು ಹೀಗೆ. ಅದೇ ರ‍್ಯಾಮ್ ಸ್ವಲ್ಪ ಹೊಸ ಬೋರ್ಡಿನಲ್ಲಿ ಪೂರ್ತಿ 256 ತೋರಿಸಬಹುದು.

ನಿಮಗೆ ಬೇಕಾದದ್ದು ಎರಡೂ ಬದಿಯಲ್ಲಿ ಎಂಟೆಂಟು, ಒಟ್ಟು 16 ಚಿಪ್ ಇರುವ 256 ಎಂಬಿ ರ‍್ಯಾಮ್. ಬದಿಗೆ 9 ಚಿಪ್ ಕಂಡರೆ ಗಾಬರಿ ಬೇಡ, ಹೆಚ್ಚಿನದು ತಪ್ಪು ಪತ್ತೆ ಹಚ್ಚಲು ಇರುವುದು. ಎಣಿಕೆಯೊಂದನ್ನೇ ನಂಬಿಕೊಳ್ಳಬೇಡಿ, ಚಿಪ್ ಮೇಲಿನ ನಂಬರನ್ನೂ ಹುಡುಕಿ ನೋಡಿ. ಅದಕ್ಕೇ ಕೊಳ್ಳುವ ಮುಂಚೆ ಎರಡೂ ಬದಿಯ ಸ್ಪಷ್ಟ ಫೋಟೋ ಕೇಳಿ. ಬರೀ ಸ್ಟಿಕ್ಕರ್ ತೋರಿಸಿ, ಹಿಂಬದಿ ತೋರಿಸಲು ಹಿಂದೆಮುಂದೆ ನೋಡುವವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ. 100 ಮೆಗಾಹರ್ಟ್ಸ್ ವೇಗದ ಪಿಸಿ100 ಬದಲು 133ರ ಪಿಸಿ133 ಸಿಕ್ಕರೆ ಧಾರಾಳವಾಗಿ ತಗೊಳ್ಳಿ, ಕಡಿಮೆ ವೇಗದಲ್ಲೂ ಅದು ಓಡುತ್ತದೆ.

ಇನ್ನೂ ಹಳೆಯ ಯಂತ್ರ ಇರುವವರು ಬಿಡಿಯಾಗಿ ಒಂದೇ ಒಂದು ಕೊಂಡು ಪೇಚಾಡುವುದುಂಟು. 30 ಪಿನ್‌ನ ಸಿಮ್ (ಹಳೆಯ ತರದ ರ‍್ಯಾಮ್ ಪಟ್ಟಿ) ಒಂದು ಸಲಕ್ಕೆ ಕೊಡುವುದು 8 ಬಿಟ್, 486 ಪ್ರೊಸೆಸರಿಗೆ ಬೇಕಾದದ್ದು 32. ಹಾಗಾಗಿ ಒಂದೇ ತರದ ನಾಲ್ಕು ಹಾಕಲೇಬೇಕು. 72 ಪಿನ್‌ನದು 32 ಬಿಟ್, ಪೆಂಟಿಯಂಗೆ 64 ಬೇಕು. ಅಲ್ಲಿ ಸಾಮಾನ್ಯವಾಗಿ ಜೋಡಿಯೇ ಆಗಬೇಕು. ಈ ಸಿಮ್‌ಗಳ ಚಿಪ್ ನಂಬರಿನ ಕೊನೆಯಲ್ಲಿ 60 ಅಥವಾ 6 ಇದ್ದರೆ 60 ನ್ಯಾನೋಸೆಕೆಂಡ್, 70 ಅಥವಾ 7 ಇದ್ದರೆ 70. ಸಂಖ್ಯೆ ಚಿಕ್ಕದಾದಷ್ಟೂ ವೇಗ ಜಾಸ್ತಿ.

ಜಾಸ್ತಿ ರ‍್ಯಾಮ್ ಹಾಕಿದರೆ ಯಾವಾಗಲೂ ಒಳ್ಳೆಯದು ಅಂತಲೂ ಇಲ್ಲ. ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್‌ನ ಕ್ಯಾಶ್ (ಪದೇ ಪದೇ ಬೇಕಾಗುವುದನ್ನು ಇಟ್ಟುಕೊಳ್ಳುವ ಚಿಕ್ಕ, ವೇಗದ ಮೆಮೊರಿ) ಮೊದಲ 64 ಎಂಬಿಗೆ ಮಾತ್ರ ಕೆಲಸ ಮಾಡುತ್ತದೆ. ಅದರಾಚೆ ಹಾಕಿದರೆ ಯಂತ್ರ ನಿಧಾನವಾಗುವುದೂ ಉಂಟು. ದುಡ್ಡು ಕೊಟ್ಟು ನಿಧಾನ ಮಾಡಿಕೊಳ್ಳಬೇಡಿ.

ರ‍್ಯಾಮ್ ಕೈಗೆ ಬಂದ ಮೇಲೆ ಅದರ ಅಂಚಿನ ಲೋಹದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಹಾಕಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಿ. ತಪ್ಪು ಬಂದರೆ ಅದನ್ನೇ ಬೇರೆ ಸ್ಲಾಟ್‌ನಲ್ಲಿ ಹಾಕಿ ಮತ್ತೆ ಓಡಿಸಿ. ಅಲ್ಲೂ ಅದೇ ತಪ್ಪು ಬಂದರೆ ವಾಪಸ್ ಕಳಿಸಿ. ಅಲ್ಲಿ ಬರದಿದ್ದರೆ ಮೊದಲ ಸ್ಲಾಟನ್ನು ಶುಚಿ ಮಾಡಿ ನೋಡಿ.